ಅಕ್ಕನ ಕೈ

ಹವಾಲ್ದಾರ್ ಬನಪ್ಪನ ಎರಡೂ ಕೈ ನೆಟ್ಟಗಿದ್ದವು. ಎಲುಬು ಮುರಿದಿರಲಿಲ್ಲ, ನರ ಹರಿದಿರಲಿಲ್ಲ. ಪುನಶ್ಚೇತನ ಕೇಂದ್ರದಲ್ಲಿ ಹಿಡಿತ ಅಳೆಯುವ ಸಾಧನವನ್ನು ಅವನು ಹಿಂಡಿದರೆ ಅದರ ಮುಳ್ಳು ಹೊಸದಾಗಿ ಭರ್ತಿಯಾದ ಜವಾನನ ಕೈಯಲ್ಲಿ ಏರಿದಷ್ಟೇ ಏರುತ್ತಿತ್ತು. ಆದರೂ ಬಟ್ಟಲಲ್ಲಿದ್ದ ಅಂಬಲಿಯನ್ನು ಬಾಯಿಗೆ ತಂದುಕೊಳ್ಳುವುದು ಅವನಿಂದ ಆಗುತ್ತಿರಲಿಲ್ಲ. ಚಮಚ ಹಿಡಿದ ಕೈ ತುಟಿಯ ಹತ್ತಿರ ಬಂದದ್ದೇ ತಡ, ಹೊಡೆತ ತಿಂದ ಹಾವಿನಂತೆ ಒದ್ದಾಡಿ ಕಿವಿಯ ಕಡೆಗೋ ಎದೆಯ ಕಡೆಗೋ ಹಾರಿಬಿಡುತ್ತಿತ್ತು. ಅಂಬಲಿ ಗೋಡೆಗೆ ಸಿಡಿಯುತ್ತಿತ್ತು.

ಗಡಿಯ ಹಿಮದ ಠಾಣೆಯೊಂದರಲ್ಲಿ ಶೆಲ್ ಅವನ ಮೈಮೇಲೆ ಬಿದ್ದಿರಲಿಲ್ಲ, ಪಕ್ಕದಲ್ಲಿ ಬಿದ್ದಿತ್ತು. ಅದರ ಗಾಳಿಯ ಹೊಡೆತ ಚರ್ಮಕ್ಕೆ ಒಂದು ಗೀರನ್ನೂ ಮಾಡದೆ ತಲೆಯ ಹಿಂಭಾಗದ ಕಿರುಮೆದುಳನ್ನು ಕಲಕಿತ್ತು. ನಡೆಯುವುದು, ಗುಂಡಿ ಹಾಕಿಕೊಳ್ಳುವುದು, ಲೋಟ ಎತ್ತುವುದು, ಹೀಗೆ ನಾವು ವಿಚಾರ ಮಾಡದೆ ಮಾಡುವ ಕೆಲಸಗಳನ್ನೆಲ್ಲ ಕಲಿತು ಕಾಪಾಡುವ ಜಾಗ ಅದು. ಅವನ ಮೈಯಲ್ಲಿ ಬಲವಿತ್ತು, ಮನಸ್ಸಿನಲ್ಲಿ ಆಸೆಯಿತ್ತು, ನಡುವಿನ ದಾರಿ ಮಾತ್ರ ಅಳಿಸಿಹೋಗಿತ್ತು. ಮತ್ತೆ ಕಲಿಸೋಣವೆಂದರೆ ಕಲಿಯುವ ಜಾಗವೇ ಕೆಟ್ಟಿತ್ತು.

ಬಾಗಲಕೋಟೆಯ ನವನಗರದಲ್ಲಿ, ಕೇಂದ್ರದ ಹತ್ತಿರವೇ ಒಂದು ಬಾಡಿಗೆ ಮನೆ. ಅವನ ಹೆಂಡತಿ ಪ್ರೇಮಾ ಶಾಲೆಯ ಮಾಸ್ತರಿಕೆಗೆ ದೀರ್ಘ ರಜೆ ಹಾಕಿ ಅಲ್ಲಿ ಸಂಸಾರ ಹೂಡಿದ್ದಳು. ಬೆಳಿಗ್ಗೆ ಅವನನ್ನು ಎಬ್ಬಿಸಿ ಕೂರಿಸಿ, ವಾಲಿ ಬೀಳದಂತೆ ಹಳೆಯ ಧೋತರದಿಂದ ಕುರ್ಚಿಗೆ ಕಟ್ಟುತ್ತಿದ್ದಳು. ಹಲ್ಲು ತಿಕ್ಕಿಸುವುದು, ಗಡ್ಡ ಹೆರೆಯುವುದು, ಬಚ್ಚಲಿಗೆ ಕರೆದೊಯ್ಯುವುದು ಎಲ್ಲ ಅವಳೇ. ಬಚ್ಚಲಲ್ಲಿ ಅವನು ಕಣ್ಣು ಮುಚ್ಚಿಕೊಂಡಿರುತ್ತಿದ್ದ. ಪ್ಲಟೂನನ್ನು ನಡೆಸಿದ ಗಂಡಸು ಸ್ಟೂಲಿನ ಮೇಲೆ ಬೆತ್ತಲೆ ಕೂತು, ಹೆಂಡತಿ ಬೆನ್ನಿಗೆ ನೀರು ಹೊಯ್ಯುವುದನ್ನು ಕಾಯುತ್ತಿದ್ದ.

"ನನ್ನ ಅಲ್ಲೇ ಬಿಟ್ಟು ಬಂದಿದ್ರ ಚೊಲೊ ಆಗತಿತ್ತು," ಎಂದ ಒಂದು ದಿನ. ಮಾತೂ ಕುಡಿದವನ ಹಾಗೆ ತೊದಲುತ್ತಿತ್ತು.

"ಬಿಟ್ಟು ಬಂದಿದ್ರ ದಿನಾ ನಿಮ್ಮ ಫೋಟೋಕ್ಕ ಹೂವು ಹಾಕಬೇಕಾಗತಿತ್ತು. ಅದೂ ಒಂದು ಕೆಲಸನ," ಎಂದಳು ಪ್ರೇಮಾ. "ಬಾಯಿ ತೆಗೀರಿ."

ಅವಳು ದೇವತೆಯೇನೂ ಆಗಿರಲಿಲ್ಲ. ಒಮ್ಮೊಮ್ಮೆ ಬಟ್ಟಲನ್ನು ನೆಲಕ್ಕೆ ಕುಕ್ಕಿ, ಹಿತ್ತಲಿಗೆ ಹೋಗಿ ನಿಂತುಬಿಡುತ್ತಿದ್ದಳು. ಕುರ್ಚಿಗೆ ಕಟ್ಟಿಸಿಕೊಂಡವನು ಅವಳು ಒಳಗೆ ಬರುವ ತನಕ ಗಲ್ಲದ ಮೇಲೆ ಒಣಗುತ್ತಿದ್ದ ಅಂಬಲಿಯೊಂದಿಗೆ ಕಾಯುತ್ತಿದ್ದ. ಅವಳು ಬಂದು ಅದನ್ನು ಒರೆಸಿ, ಮತ್ತೆ ಚಮಚ ತುಂಬುತ್ತಿದ್ದಳು.

ಇಂಥದರಲ್ಲಿ ಕೇಂದ್ರದ ಡಾಕ್ಟರ್ ಶಕೀಲಾ ನದಾಫ್ ಗಂಡಹೆಂಡತಿಯನ್ನು ಕರೆಸಿ ಹೊಸ ಯಂತ್ರವೊಂದನ್ನು ತೋರಿಸಿದಳು. ಬ್ಯೂಟಿ ಪಾರ್ಲರಿನಲ್ಲಿ ಕೂದಲು ಒಣಗಿಸಲು ಇಡುವಂಥ ಎರಡು ದೊಡ್ಡ ಟೊಪ್ಪಿಗೆ, ನಡುವೆ ಗಾಜಿನ ಗೋಡೆ, ಅದರಾಚೆ ಪರದೆಗಳ ಸಾಲು.

"ಕಲಿಸಾಕ ಆಗೂದಿಲ್ಲ ಅಂತಾದ್ರ, ಕಲಿತದ್ದನ್ನ ಹಂಗೇ ತಂದು ಇಡಬಹುದೇನು ಅಂತ ನೋಡಿದ್ವಿ," ಎಂದಳು ಆಕೆ. "ಒಬ್ಬರು ಲೋಟ ಎತ್ತತಾರ. ಆವಾಗ ಅವರ ಕಿರುಮೆದುಳಿನೊಳಗ ಏನೇನು ಆಗತದ ಅನ್ನೂದನ್ನ ಈ ಟೊಪ್ಪಿಗಿ ಓದತದ. ನಿಮ್ಮ ತಲಿಯೊಳಗ ಒಂದು ಸಣ್ಣ ಚಿಪ್ ಇಟ್ಟು, ಅದರೊಳಗ ಅದನ್ನ ಬರೀತೀವಿ. ಆಮ್ಯಾಲ ನಿಮ್ಮ ಕೈಗೆ ದಾರಿ ತೋರಿಸೂದು ಆ ಚಿಪ್."

"ನನ್ನ ತಲಿ ಓದ್ರಿ," ಎಂದಳು ಪ್ರೇಮಾ ಕೂಡಲೇ.

ಡಾಕ್ಟರ್ ತಲೆ ಅಲ್ಲಾಡಿಸಿದಳು. ಯಾರದೋ ಅಳತೆಯ ಅಂಗಿ ಯಾರಿಗೋ ಕೂಡುವುದಿಲ್ಲ. ಒಂದೇ ರಕ್ತ ಬೇಕು, ಅದಕ್ಕಿಂತ ಹೆಚ್ಚಾಗಿ ಎಳೆತನದಲ್ಲಿ ಒಂದೇ ಮನೆಯಲ್ಲಿ ಒಂದೇ ಕೆಲಸ ಕಲಿತ ಮೈ ಬೇಕು. ಅಣ್ಣನೋ ತಮ್ಮನೋ ಅಕ್ಕನೋ.

ಬನಪ್ಪನಿಗಿದ್ದವಳು ಒಬ್ಬಳೇ ಅಕ್ಕ, ಗುಳೇದಗುಡ್ಡದ ಸಾವಂತ್ರವ್ವ. ಅವರದು ರವಿಕೆಯ ಖಣ ನೇಯುವ ಮನೆತನ. ಅಪ್ಪ ಇಬ್ಬರನ್ನೂ ನೆಲ ತೋಡಿ ಹೂಡಿದ ಒಂದೇ ಕುಣಿಮಗ್ಗದಲ್ಲಿ ಅಕ್ಕಪಕ್ಕ ಇಳಿಬಿಟ್ಟು ಲಾಳಿ ಒಗೆಯುವುದನ್ನು ಕಲಿಸಿದ್ದ. ಬನಪ್ಪನಿಗೆ ಆ ಕುಣಿಯಲ್ಲಿ ಉಸಿರು ಕಟ್ಟುತ್ತಿತ್ತು. ಮೀಸೆ ಮೂಡುತ್ತಿದ್ದಂತೆ ಸೈನ್ಯಕ್ಕೆ ಓಡಿಹೋದ. ಅಕ್ಕ ಮದುವೆಯಾಗಿ, ಬೇಗನೆ ಗಂಡನನ್ನು ಕಳೆದುಕೊಂಡು, ತಿರುಗಿ ಅದೇ ಮಗ್ಗಕ್ಕೆ ಬಂದು ಕೂತಳು. ಮಕ್ಕಳಿರಲಿಲ್ಲ. ಅವಳ ಖಣದ ಅಂಚು ಎಷ್ಟು ಬಿಗಿಯೆಂದರೆ ಪ್ಯಾಟಿಯ ವ್ಯಾಪಾರಿಗಳು ಬಟ್ಟೆ ಬಿಡಿಸಿ ನೋಡದೆ ಬೆರಳಲ್ಲಿ ಸವರಿ, ಇದು ಸಾವಂತ್ರವ್ವಂದು, ಎಂದು ಹೇಳುತ್ತಿದ್ದರು.

ಸುದ್ದಿ ತಿಳಿದ ಮರುದಿನವೇ ಬಸ್ಸು ಹತ್ತಿ ಬಂದಳು. ಡಾಕ್ಟರ್ ಎಲ್ಲ ವಿವರಿಸಿದಳು. ಸೂಕ್ಷ್ಮವಾಗಿ ಓದಬೇಕಾದರೆ ಅಕ್ಕನಿಗೂ ಒಂದು ಔಷಧ ಕೊಡಬೇಕು. ಅದು ಮೈಯ ಹಳೆಯ ನೆನಪನ್ನು ಸ್ವಲ್ಪ ಹೊತ್ತು ಮೇಣದ ಹಾಗೆ ಮೆತ್ತಗೆ ಮಾಡುತ್ತದೆ. ನಿದ್ದೆ ಮಾಡಿ ಎದ್ದರೆ ಮತ್ತೆ ಗಟ್ಟಿಯಾಗುತ್ತದೆ. ಇಷ್ಟು ದಿನ ಎಲ್ಲರಲ್ಲೂ ಆಗಿದೆ, ಆದರೆ ಅವರೆಲ್ಲ ಹರೆಯದವರು. ನಿಮ್ಮ ವಯಸ್ಸಿಗೆ ನಾವು ಮಾಡಿ ನೋಡಿಲ್ಲ.

"ನನ್ನ ಕೈ ಏನು ಕಡ್ಕೊಂಡು ಹೋಗೂದಿಲ್ಲಲ್ಲ ಬಾಯೀ?" ಎಂದಳು ಸಾವಂತ್ರವ್ವ. "ಓದ್ಕೋರಿ. ಓದಿದ್ರ ಪುಸ್ತಕ ಸವೆಯೂದಿಲ್ಲ."

ಬನಪ್ಪನ ತಲೆಯಲ್ಲಿ ಚಿಪ್ ಇಟ್ಟು ಗಾಯ ಮಾಯುವ ತನಕ ಕಾದು, ಇಬ್ಬರನ್ನೂ ಪಕ್ಕಪಕ್ಕದಲ್ಲಿ ಮಲಗಿಸಿದರು. ಗಾಜಿನಾಚೆ ಡಾಕ್ಟರ್ ಕೈ ಎತ್ತಿದಾಗ ಸಾವಂತ್ರವ್ವ ಲೋಟ ಎತ್ತುತ್ತಿದ್ದಳು, ಇಳಿಸುತ್ತಿದ್ದಳು. ಬನಪ್ಪನಿಗೆ ಏನೂ ಅನ್ನಿಸುತ್ತಿರಲಿಲ್ಲ. ಕೈಯೊಳಗೆ ದೂರದಲ್ಲೆಲ್ಲೋ ಇರುವೆ ಹರಿದಂತಾಗುತ್ತಿತ್ತು, ಅಷ್ಟೆ.

ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ, ಪ್ರೇಮಾ ಚಹಾ ತಂದು ಎದುರಿಗಿಟ್ಟು ಒರೆಸುವ ಬಟ್ಟೆ ಹುಡುಕಲು ತಿರುಗಿದಳು. ಮತ್ತೆ ಈ ಕಡೆ ನೋಡುವಾಗ ಲೋಟ ಬನಪ್ಪನ ತುಟಿಗೆ ತಾಗಿತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ. ಅವನೇ ಬೆರಗಾಗಿ ಲೋಟದ ಅಂಚಿನ ಮೇಲಿಂದ ಅವಳನ್ನು ನೋಡುತ್ತಿದ್ದ. ಆಮೇಲೆ ಲೋಟ ಕೆಳಗಿಟ್ಟ ಕೈ ತನ್ನಷ್ಟಕ್ಕೆ ತಾನೇ ಎಡಭುಜಕ್ಕೆ ಹೋಗಿ, ಇಲ್ಲದ ಸೆರಗನ್ನು ಸರಿಮಾಡಿ ಕೆಳಗಿಳಿಯಿತು.

ಪ್ರೇಮಾ ಒಂದು ಕ್ಷಣ ಕಣ್ಣು ಕಿರಿದು ಮಾಡಿ ನೋಡಿದಳು. ನಂತರ ನಕ್ಕಳು. ನಗುತ್ತ ನೆಲಕ್ಕೆ ಕೂತಳು, ಅಳು ಬಂದರೂ ನಗು ನಿಲ್ಲಲಿಲ್ಲ. "ಅಯ್ಯ ಅಕ್ಕಾ, ಬರ್ರಿ ಇಲ್ಲೆ! ನಿಮ್ಮ ತಮ್ಮ ಸೆರಗು ಹೊದ್ಕೊಳ್ಳಾಕತ್ತಾನು!"

ಒಳಗಿನಿಂದ ಬಂದ ಸಾವಂತ್ರವ್ವನೂ ನಕ್ಕಳು. ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಆಮೇಲೆ ಕೆಲಸ ಬೇಗ ಬೇಗ ಸಾಗಿತು. ಚಮಚ, ಗುಂಡಿ, ಬಾಚಣಿಕೆ, ಕೀಲಿ. ಬನಪ್ಪ ತನ್ನ ಗಡ್ಡ ತಾನೇ ಹೆರೆದುಕೊಂಡ ದಿನ, ಪ್ರೇಮಾ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಹೊರಬಂದದ್ದೇ, ಕೂತಲ್ಲಿಂದಲೇ ಕೈ ಚಾಚಿ ಬಚ್ಚಲ ಬಾಗಿಲನ್ನು ಒಳಗಿನಿಂದ ಹಾಕಿಕೊಂಡ. ಬಾಗಿಲ ಹೊರಗೆ ನಿಂತಿದ್ದ ಪ್ರೇಮಾ ಚಿಲಕದ ಸದ್ದು ಕೇಳಿದ ಮೇಲೆ ಒಳಗೆ ಹೋಗಿ ತನಗೊಂದು ಲೋಟ ಚಹಾ ಕಾಸಿಕೊಂಡಳು. ಅವಳು ಶಾಲೆಗೆ ತಿರುಗಿ ಹೋಗುವ ಮಾತಾಡತೊಡಗಿದಳು. ಕಾಲಿಗೆ ಮಾತ್ರ ಇನ್ನೂ ದಾರಿ ಬಂದಿರಲಿಲ್ಲ. ನಿಲ್ಲಿಸಿದರೆ ಕಡಿದ ಬಾಳೆಯ ಹಾಗೆ ಒರಗುತ್ತಿದ್ದ.

ಸಾವಂತ್ರವ್ವ ಅವರ ಮನೆಯಲ್ಲೇ ಉಳಿದಿದ್ದಳು. ಬಂದ ಹೊಸತರಲ್ಲಿ ಅಡುಗೆಮನೆಯಿಂದ ಅವಳು ಜೋಳದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಒಂದು ದಿನ ತಾಟಿಗೆ ಬಿದ್ದ ರೊಟ್ಟಿಯ ಅಂಚು ಹರಿದಿತ್ತು. ಮಾರನೆಯ ದಿನ ಅದು ರೊಟ್ಟಿಯ ಆಕಾರದಲ್ಲೇ ಇರಲಿಲ್ಲ. ಆಮೇಲೆ ಸದ್ದು ನಿಂತಿತು.

"ಮಣಿಕಟ್ಟು ನೋಯಾಕತ್ತಾವು. ಪ್ರೇಮಾನ ಮಾಡಲಿ," ಎಂದಳು.

ಬನಪ್ಪ ಗಮನಿಸುತ್ತ ಹೋದ. ಅಕ್ಕ ಈಗ ನೀರನ್ನು ಲೋಟದಲ್ಲಿ ಕುಡಿಯುತ್ತಿರಲಿಲ್ಲ, ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು. ರವಿಕೆಯ ಗುಂಡಿಯ ಜಾಗದಲ್ಲಿ ಪಿನ್ನು ಬಂತು. ಒಂದು ಮಧ್ಯಾಹ್ನ ಅವಳು ಕಿಟಕಿಯ ಬಳಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರದ ತುದಿ ಸೂಜಿಯ ಆಚೆ ಈಚೆ ಹಾರುತ್ತಿತ್ತು. ಆ ಹಾರಾಟ ಅವನಿಗೆ ಗುರುತಿತ್ತು. ಚಮಚದ ತುದಿಯಲ್ಲಿ ತಿಂಗಳುಗಟ್ಟಲೆ ಅದನ್ನೇ ನೋಡಿದ್ದ.

"ಅಕ್ಕಾ, ಇಲ್ಲಿ ಕೊಡು," ಎಂದ. ಅವಳು ಕೊಟ್ಟಳು. ಅವನು ಒಂದೇ ಸಲಕ್ಕೆ ಪೋಣಿಸಿ ಕೊಟ್ಟ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮುಂದಿನ ಸಲ ಕೇಂದ್ರಕ್ಕೆ ಹೋದಾಗ ಡಾಕ್ಟರ್ ಶಕೀಲಾ ಇಬ್ಬರಿಗೂ ಟೊಪ್ಪಿಗೆ ಹಾಕಲಿಲ್ಲ. ಮೂವರನ್ನೂ ಪರದೆಗಳಿದ್ದ ಕೋಣೆಗೆ ಕರೆದಳು. ಒಂದು ಗೆರೆ ತೋರಿಸಿದಳು. ಪ್ರತಿ ಸಲ ಇಳಿದು ಮತ್ತೆ ಏರಬೇಕಾದ ಗೆರೆ ಅದು. ಇಳಿಯುತ್ತಿತ್ತು, ಏರುತ್ತಿರಲಿಲ್ಲ.

"ಇದು ನಿಮ್ಮದು," ಎಂದಳು ಸಾವಂತ್ರವ್ವನಿಗೆ. "ಮೆತ್ತಗಾಗಿದ್ದು ಗಟ್ಟಿ ಆಗವಲ್ಲದು. ಮೊದಲ ತಿಳಿಯಬೇಕಿತ್ತು ನನಗ. ಬರತದ ಬರತದ ಅಂತ ನಾನೂ ಕಾದೆ. ತಪ್ಪು ನಂದು."

"ನಿಲ್ಲಿಸಿದ್ರ?" ಎಂದಳು ಪ್ರೇಮಾ.

ಡಾಕ್ಟರ್ ಕನ್ನಡಕ ತೆಗೆದು ಒರೆಸಿದಳು. "ನಿಲ್ಲಿಸಿದ್ರ ಅಕ್ಕಾರದು ಇನ್ನ ಹೆಚ್ಚು ಕೆಡೂದಿಲ್ಲ. ಆದ್ರ ಬನಪ್ಪನವರದು ಅರ್ಧಾ ಬರದು ಬಿಟ್ಟಂಗ ಆಗತದ. ನಿಲ್ಲೂದು, ನಡಿಯೂದು, ಮೈ ತೂಕ ಹಿಡಿಯೂದು ಅಡಿಪಾಯ. ಅದಿಲ್ಲದ ಕೈಯಾಗಿನದು ಉಳಿಯೂದು ಕಷ್ಟ. ನಿಧಾನಕ್ಕ ಹೋಗಬಹುದು. ನನ್ನ ಸಲಹೆ ಕೇಳಿದ್ರ ನಿಲ್ಲಿಸ್ರಿ. ಮೂರೂ ಮಂದಿ ಕೂಡಿ ವಿಚಾರ ಮಾಡ್ರಿ."

ಮನೆಗೆ ಬಂದ ಮೇಲೆ ಬನಪ್ಪ ತನ್ನ ಕುರ್ಚಿಯಲ್ಲಿ ಕೂತು ಮನಸ್ಸಿನಲ್ಲೇ ಮಾತು ಕಟ್ಟಿಕೊಂಡ. ಸಾಕು ಅಕ್ಕಾ, ನನ್ನ ಪಾಲಿಂದು ನನಗ ಬಂತು, ಎನ್ನಬೇಕು. ಅಷ್ಟರಲ್ಲಿ ಅಡುಗೆಮನೆಯಿಂದ ಪ್ರೇಮಾಳ ದನಿ ಬಂತು. ತಗ್ಗಿದ, ಒಡೆದ ದನಿ.

"ಅಕ್ಕಾ, ನಿಲ್ಲಿಸಬ್ಯಾಡ್ರಿ. ಕೇಳಬಾರದು, ಗೊತ್ತೈತಿ. ಕೇಳಾಕತ್ತೀನಿ. ನನ್ನ ಕೈಲೆ ಆಗೂದಿಲ್ಲ. ಮತ್ತ ಆ ಧೋತರ ಕಟ್ಟೂದು, ಮತ್ತ ಆ ಗ್ವಾಡಿ ಒರಸೂದು... ನಿಮ್ಮನ್ನ ನಾ ನೋಡ್ಕೋತೀನ್ರಿ, ಸಾಯೂತನಕ ನೋಡ್ಕೋತೀನಿ."

ಅಕ್ಕ ಏನೆಂದಳೋ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆ ಹಿಡಿದು ಹೊರಗೆ ಬಂದು ಅವನ ಎದುರಿಗೆ ಕೂತಳು.

"ನೀ ಏನಂತಿ, ಬನ್ಯಾ?"

ಕಟ್ಟಿಕೊಂಡ ಮಾತು ನಾಲಿಗೆಯ ಮೇಲಿತ್ತು. ಅವನು ತನ್ನ ಕಾಲುಗಳನ್ನು ನೋಡಿದ. ಸತ್ತ ದಿಮ್ಮಿಯ ಹಾಗೆ ಬಿದ್ದಿದ್ದವು. ಅವು ಎದ್ದರೆ ರಸ್ತೆಗೆ ಹೋಗಬಹುದು, ಬಸ್ಸು ಹತ್ತಬಹುದು, ಯಾರನ್ನೂ ಕೂಗದೆ ಒಂದು ಲೋಟ ನೀರು ತಂದುಕೊಳ್ಳಬಹುದು. ಗುಂಡಿನ ಎದುರು ತೆವಳಿಕೊಂಡು ಹೋಗಿ ಗಾಯಗೊಂಡ ಜವಾನನನ್ನು ಎಳೆತಂದಿದ್ದವನು, ಎರಡು ಶಬ್ದ ಆಡಲಾರದೆ ಕೂತ.

ಅಕ್ಕ ಕಾದಳು. ಸಾಕಷ್ಟು ಹೊತ್ತು ಕಾದಳು. ಆಮೇಲೆ, "ಆತು ಬಿಡು. ನಾಳೆ ಹೋಗೂಣು," ಎಂದು ಎದ್ದಳು.

ಕಾಲಿನ ಕೆಲಸ ಮುಗಿದಾಗ ಮುಂಗಾರು ಕಳೆದಿತ್ತು. ಬನಪ್ಪ ಮೊದಲು ಗೋಡೆ ಹಿಡಿದು, ಆಮೇಲೆ ಕೋಲು ಹಿಡಿದು, ಕೊನೆಗೆ ಏನನ್ನೂ ಹಿಡಿಯದೆ ನಡೆದ. ಬಲಪಾದ ಸ್ವಲ್ಪ ಒಳಗೆ ತಿರುಗಿಸಿ ಇಡುವ ಅಕ್ಕನ ನಡಿಗೆ ಅದು. ಓಣಿಯವರು ಚಪ್ಪಾಳೆ ತಟ್ಟಿದರು. ಯಾವುದೋ ಪತ್ರಿಕೆಯವರು ಬಂದು ಅವನ ಫೋಟೋ ತೆಗೆದರು. ಫೋಟೋದಲ್ಲಿ ಸಾವಂತ್ರವ್ವ ಕುರ್ಚಿಯ ಮೇಲೆ ಕೂತಿದ್ದಳು, ಯಾಕೆಂದರೆ ಹಿಡಿಯದೆ ನಿಲ್ಲಲು ಅವಳಿಗೆ ಬರುತ್ತಿರಲಿಲ್ಲ.

"ಊರಿಗೆ ಕರ್ಕೊಂಡು ಹೋಗು," ಎಂದಳು ಅವಳು. "ನಮ್ಮ ಮನಿಯಾಗ ಇರತೀನಿ." ಪ್ರೇಮಾ ಎಷ್ಟು ಕೇಳಿಕೊಂಡರೂ ಒಪ್ಪಲಿಲ್ಲ. ಕೊನೆಗೆ ಗುಳೇದಗುಡ್ಡದ ಮನೆಗೆ ಮೂವರೂ ಹೋದರು. ಪ್ರೇಮಾ ಅಲ್ಲಿಂದಲೇ ಬಸ್ಸಿನಲ್ಲಿ ಶಾಲೆಗೆ ಹೋಗಿಬರುವುದೆಂದು ತೀರ್ಮಾನವಾಯಿತು.

ಮನೆಯ ನಡುವಿನ ಖೋಲಿಯಲ್ಲಿ ಮಗ್ಗವಿತ್ತು. ಅದರ ಮೇಲೆ ಅಕ್ಕ ಬಿಟ್ಟುಹೋಗಿದ್ದ ಖಣ, ಕಡುಗೆಂಪು ಮೈ, ಹಸಿರು ಅಂಚು, ನಡುವೆ ಸಣ್ಣ ಸಣ್ಣ ಬಳ್ಳಿ. ಅರ್ಧ ನೇಯ್ದಿತ್ತು. ಸಾವಂತ್ರವ್ವ ಅದರ ಕಡೆ ನೋಡದೆ ಒಳಗೆ ಹೋಗಿ ಮಲಗಿದಳು.

ಧೂಳು ಕೊಡವೋಣವೆಂದು ಬನಪ್ಪ ಕುಣಿಗೆ ಇಳಿದ. ಬೇರೆ ಯಾವ ವಿಚಾರವೂ ಇರಲಿಲ್ಲ. ಕಾಲುಗಳು ಕಾಲುಮಣೆಯ ಮೇಲೆ ಕೂತವು. ಬಲಗೈ ಲಾಳಿಯನ್ನು ಎತ್ತಿಕೊಂಡಿತು. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಹಾಸಿನೆಳೆಗಳು ಬಾಯಿ ತೆರೆದು, ಲಾಳಿ ಸುಯ್ಯೆಂದು ದಾಟಿ ಎಡಗೈಗೆ ಬಂದಿತ್ತು. ನೂಲನ್ನು ಒತ್ತುವ ಹಲಗೆ ಬಡಿಯಿತು, ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ. ಓಣಿಯಲ್ಲಿ ಹತ್ತು ಮಗ್ಗ ನಡೆಯುತ್ತಿದ್ದರೂ ಸಾವಂತ್ರವ್ವನ ಮಗ್ಗ ಯಾವುದೆಂದು ಮಂದಿ ಆ ಎರಡು ಬಡಿತದಿಂದಲೇ ಹೇಳುತ್ತಿದ್ದರು. ಮತ್ತೆ ಲಾಳಿ, ಮತ್ತೆ ಬಡಿತ. ಎಳೆತನದಲ್ಲಿ ಅವನಿಗೆ ಎಂದೂ ದಕ್ಕದಿದ್ದ ಕೆಲಸ. ಮೈ ಜುಮ್ಮೆಂದಿತು. ನಿಲ್ಲಿಸಲು ಮನಸ್ಸಾಗಲಿಲ್ಲ.

"ನಿಲ್ಲಸು!"

ಸಾವಂತ್ರವ್ವ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಅಪ್ಪಿ ನಿಂತಿದ್ದಳು. ತಲೆಗೂದಲು ಬಿಚ್ಚಿತ್ತು. ಹಾಸಿಗೆಯಿಂದ ಅಲ್ಲಿಯ ತನಕ ತೆವಳಿಕೊಂಡು ಬಂದಿದ್ದಳೆಂದು ಸೀರೆಯ ಧೂಳು ಹೇಳುತ್ತಿತ್ತು.

"ಲೋಟ ಕೊಟ್ಟೆ. ಗುಂಡಿ ಕೊಟ್ಟೆ. ಕಾಲು ಕೊಟ್ಟೆ," ಎಂದಳು. ಅವಳ ಮಾತೂ ಈಗ ಅಲ್ಲಲ್ಲಿ ತೊಡರುತ್ತಿತ್ತು. "ಇದನ್ನ ನಾ ಕೊಟ್ಟಿಲ್ಲ. ಇದನ್ನ ನಾ ಯಾರಿಗೂ ಕೊಟ್ಟಿಲ್ಲ."

ಬನಪ್ಪ ಲಾಳಿ ಕೆಳಗಿಟ್ಟು ಕುಣಿಯಿಂದ ಮೇಲೆದ್ದ. ಅವಳನ್ನು ಎತ್ತಲು ಹೋದರೆ ಮುಟ್ಟಗೊಡಲಿಲ್ಲ. ಪ್ರೇಮಾ ಶಾಲೆಯಿಂದ ಬರುವ ತನಕ ಹಾಗೇ ಹೊಸ್ತಿಲಲ್ಲಿ ಕೂತಿದ್ದಳು.

ಅವನು ಒಬ್ಬನೇ ಬಸ್ಸು ಹತ್ತಿ ಬಾಗಲಕೋಟೆಗೆ ಹೋದ. ಯಾವುದಕ್ಕಾಗಿ ಬಾಯಿ ಮುಚ್ಚಿಕೊಂಡಿದ್ದನೋ ಆ ಬಸ್ಸು, ಕಿಟಕಿಯ ಪಕ್ಕದ ಸೀಟು. ಏನೂ ಸಂತೋಷವಾಗಲಿಲ್ಲ. ಡಾಕ್ಟರ್ ಶಕೀಲಾ ಎಲ್ಲ ಕೇಳಿ, ಸಾವಂತ್ರವ್ವನ ಹಳೆಯ ಗೆರೆಗಳನ್ನು ಪರದೆಯ ಮೇಲೆ ತಂದು ನೋಡಿದಳು.

"ನಾವು ಲೋಟ ಎತ್ತೂದನ್ನ ಅಷ್ಟ ಓದತೀವಿ ಅಂದ್ಕೊಂಡಿದ್ವಿ," ಎಂದಳು. "ಆದ್ರ ಅವರ ಕೈ ಮೊದಲು ಕಲತಿದ್ದೇ ಮಗ್ಗ. ಉಳಿದದ್ದೆಲ್ಲ ಅದರ ಮ್ಯಾಲ ಬೆಳದದ್ದು. ಗಿಡ ಕಿತ್ತಿವಿ, ಬೇರೂ ಬಂತು."

"ತಿರುಗಿ ಬರಿಯಾಕ ಆಗೂದಿಲ್ಲೇನ್ರಿ? ನನ್ನ ತಲಿಯಿಂದ ಅಕಿಗೆ?"

"ನಿಮ್ಮದು ಚಿಪ್‌ನೊಳಗ ಐತಿ. ಅದು ಅವರ ತಲಿಗೆ ಹೊಂದೂದಿಲ್ಲ. ಇನ್ನೊಮ್ಮೆ ಆ ಔಷಧ ಕೊಟ್ರ ಅವರಿಗೆ ನುಂಗಾಕೂ ಬರೂದಿಲ್ಲ." ಆಕೆ ಆ ಯಂತ್ರವನ್ನು ನಿಲ್ಲಿಸಿ ಮೇಲಿನವರಿಗೆ ಬರೆದಿದ್ದಳಂತೆ. ಇನ್ನು ಯಾರಿಗೂ ಹೀಗಾಗಬಾರದೆಂದಳು.

ಮನೆಯಲ್ಲಿ ಅಕ್ಕ ಅವನ ಜೊತೆ ಮಾತು ಬಿಟ್ಟಿದ್ದಳು. ಪ್ರೇಮಾ ತಾನು ಕೊಟ್ಟ ಮಾತಿನಂತೆ ಅಕ್ಕನಿಗೆ ಎಲ್ಲ ಮಾಡುತ್ತಿದ್ದಳು. ಎಬ್ಬಿಸುತ್ತಿದ್ದಳು, ಮೈ ತೊಳೆಯುತ್ತಿದ್ದಳು. ಒಂದು ದಿನವೂ ಬಟ್ಟಲು ಕುಕ್ಕಲಿಲ್ಲ, ಹಿತ್ತಲಿಗೆ ಹೋಗಿ ನಿಲ್ಲಲಿಲ್ಲ. ಹೆಂಡತಿ ದಿನೇ ದಿನೇ ಬತ್ತುತ್ತ ಹೋದದ್ದನ್ನು ಬನಪ್ಪ ನೋಡುತ್ತಿದ್ದ. ಅಕ್ಕನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗುವುದು ಮಾತ್ರ ಅವನ ಪಾಲಿಗೆ ಬಂತು. ಎತ್ತುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಮಗ್ಗದ ಉದ್ದಕ್ಕೆ ಕಟ್ಟಿದ ಎಳೆಗಳ ಹಾಸು ಹಾಗೇ ಬಿಗಿದಿತ್ತು. ಥಂಡಿ ಬಂತು, ಹೋಯಿತು. ರೇಷ್ಮೆಯ ಎಳೆಗಳು ಅಲ್ಲಲ್ಲಿ ಸಡಿಲಾದವು. ಒಂದು ಮೂಲೆಯಲ್ಲಿ ಇಲಿ ಕಡಿಯಿತು. ಒಂದು ಮುಂಜಾನೆ ಅವನು ಚಹಾ ತಂದುಕೊಟ್ಟಾಗ ಸಾವಂತ್ರವ್ವ ಅವನ ಮುಖ ನೋಡದೆ ಹೇಳಿದಳು:

"ಹಾಸು ಕೆಡಾಕತ್ತೈತಿ. ಹಂಗ ಬಿಡಬಾರದು. ಮಗ್ಗಕ್ಕ ಕೂಡು."

"ಅಕ್ಕಾ, ನಾ..."

"ಕೂಡಂದ್ನಲ್ಲ. ನೇಕಾರರ ಮನಿಯಾಗ ಹಾಸು ಸಾಯಬಾರದು."

ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ ಅವನು ಕುಣಿಗೆ ಇಳಿದ. ಹರಿದ ಎಳೆಗಳನ್ನು ಜೋಡಿಸಿದ. ನೇಯ್ದ. ಬೆಳಿಗ್ಗೆಯಿಂದ ಬಿಸಿಲೇರುವ ತನಕ, ಮತ್ತೆ ಮಾರನೆಯ ದಿನ. ಲಾಳಿ ದಾಟುವಾಗ ಅವಳ ಮಡಿಲಲ್ಲಿದ್ದ ಬಲಗೈ ತುಸು ಎಗರುತ್ತಿತ್ತು, ದಿಕ್ಕು ತಪ್ಪಿ ಮೊಳಕಾಲಿಗೆ ಬಡಿಯುತ್ತಿತ್ತು. ಹೊರಗೆ ಹಾದುಹೋಗುವ ಹೆಂಗಸರು ಬಡಿತ ಕೇಳಿ, "ಸಾವಂತ್ರವ್ವ ಆರಾಮಾದಳೇನವಾ, ಮಗ್ಗ ನಡದೈತಿ!" ಎನ್ನುತ್ತಿದ್ದರು. ಒಳಗೆ ಲಾಳಿ ದಾಟುತ್ತಲೇ ಇರುತ್ತಿತ್ತು.

ಹಾಸು ಮುಗಿದ ದಿನ ಬನಪ್ಪ ಖಣವನ್ನು ಮಗ್ಗದಿಂದ ಇಳಿಸಿ ಅವಳ ಮುಂದೆ ಹಾಸಿದ. ಕೆಂಪು ಬಟ್ಟೆ ಗೋಡೆಯಿಂದ ಗೋಡೆಗೆ ಮುಟ್ಟಿತು. ಸಾವಂತ್ರವ್ವ ಮುಂದಕ್ಕೆ ಬಾಗಿ ಅದರ ಅಂಚಿನ ಮೇಲೆ ಬೆರಳಿಟ್ಟಳು. ಬೆರಳು ಕುಣಿಯಿತು, ಜಾರಿತು. ಮತ್ತೆ ಇಟ್ಟಳು. ಹಾಗೇ ತುದಿಯಿಂದ ತುದಿಗೆ ತೆವಳುತ್ತ ಅಂಚನ್ನು ಸವರುತ್ತ ಹೋದಳು. ಮತ್ತೆ ತಿರುಗಿ ಬಂದಳು. ಕಣ್ಣನ್ನು ಬಟ್ಟೆಗೆ ತಾಗುವಷ್ಟು ಹತ್ತಿರ ತಂದು ಬಳ್ಳಿಗಳ ನಡುವೆ ಹುಡುಕಿದಳು.

"ನಂದು ಎಲ್ಲಿಗೆ ಮುಗದೈತಿ?" ಎಂದಳು. "ನಂದು ನನಗ ಬೇಕು. ನಾ ನೇಯ್ದದ್ದು ಅಷ್ಟ. ಅದನ್ನ ಕತ್ತರಿಸಿ ನನಗ ಕೊಡು."

ಬನಪ್ಪ ಪಕ್ಕದಲ್ಲಿ ಕೂತು ನೋಡಿದ. ಬಿಗಿ ಒಂದೇ, ಅಂಚು ಒಂದೇ, ಬಡಿತ ಒಂದೇ. ಎಲ್ಲಿ ಅವಳು ಬಿಟ್ಟಿದ್ದಳು, ಎಲ್ಲಿ ತಾನು ಹಿಡಿದೆ ಎಂದು ಎಷ್ಟು ನೋಡಿದರೂ ಅವನಿಗೆ ತಿಳಿಯಲಿಲ್ಲ. ಅವಳು ಕಾಯುತ್ತಿದ್ದಳು. ಅಂದು ಕುರ್ಚಿಯ ಎದುರು ಕಾದ ಹಾಗೆಯೇ ಕಾಯುತ್ತಿದ್ದಳು. ಈ ಸಲ ಅವನು ಸುಮ್ಮನಿರಲಿಲ್ಲ.

"ಇಲ್ಲಿ," ಎಂದ. ಕಣ್ಣಿಗೆ ಬಿದ್ದ ಒಂದು ಬಳ್ಳಿಯ ಬುಡದಲ್ಲಿ ಬೆರಳಿಟ್ಟ. "ಇಲ್ಲೀತನಕ ನಿಂದು, ಅಕ್ಕಾ."

ಸಾವಂತ್ರವ್ವ ಆ ಜಾಗದ ಮೇಲೆ ತನ್ನ ಅಂಗೈ ಇಟ್ಟು, ನಡುಕ ನಿಲ್ಲಲೆಂದು ಇನ್ನೊಂದು ಕೈಯಿಂದ ಅದನ್ನು ಒತ್ತಿ ಹಿಡಿದಳು. ಒಮ್ಮೆ ತಲೆ ಎತ್ತಿ ಅವನ ಮುಖವನ್ನು ನೋಡಿದಳು. ತಿಂಗಳುಗಳ ಮೇಲೆ ಮೊದಲ ಸಲ. ನಂಬಿದಳೋ ಇಲ್ಲವೋ, ಆ ನೋಟದಿಂದ ಅವನಿಗೆ ಗೊತ್ತಾಗಲಿಲ್ಲ.

"ಹೌದು," ಎಂದಳು. "ಇಲ್ಲೇ. ಕತ್ತರಿಸು."

ಅವನು ಕತ್ತರಿ ತಂದು ಬಟ್ಟೆಯ ಅಂಚಿಗೆ ಹಿಡಿದ. ಕೈ ಒಂದಿಷ್ಟೂ ನಡುಗಲಿಲ್ಲ.